ಮಳೆ ಬಂದ ಮೇಲೆ ಹೊತ್ತ ಗುರ್ಜಿ

ಮಳೆ ಬಾರದಿದ್ದಾಗ ಗುರ್ಜಿ ಹೊರುತ್ತಾರೆ. ಬಂದ ಮೇಲೆ ಹೊರುವುದಿಲ್ಲ. ಇದು ನಮ್ಮ ಕಡೆ ಕೂಸಿಗೂ ಗೊತ್ತು. ಈ ವರ್ಷ ಮುಂಗಾರಿನ ಮಿರಗದ ಮಳೆ ಚೆನ್ನಾಗಿ ಸುರಿದು, ಹಳ್ಳ ಹರಿದು, ಹೊಂಡ ತುಂಬಿ ನಿಂತ ಮೇಲೆ ನಾನು ಗುರ್ಜಿ ಹೊತ್ತೆ. ಬಂದವರು ನೋಡಲಿ ಎಂದು ಹೊತ್ತೆ. ಜಪಕ್ಕೆ ಕುಳಿತರೆ ಇದೇ ನೆನಪಾಗುತ್ತದೆ. ತಲೆ ತಾನಾಗಿ ಬಾಗುತ್ತದೆ. ಅದು ಭಕ್ತಿಗೆ ಬಾಗುವ ಬಾಗು ಅಲ್ಲ.

ನನ್ನ ಹೆಸರು ಸಿದ್ಧಾರೂಢ. ಹುಬ್ಬಳ್ಳಿಯ ಅಜ್ಜನಿಗೆ ಹರಕೆ ಹೊತ್ತು ನನ್ನ ಅವ್ವ ಇಟ್ಟ ಹೆಸರು. ಊರಲ್ಲಿ ಯಾರ ಬಾಯಲ್ಲೂ ಅದು ಪೂರ್ತಿ ಬರುವುದಿಲ್ಲ. ಸಿದ್ದ್ಯಾ ಎನ್ನುತ್ತಾರೆ. ನನ್ನ ಮೊಮ್ಮಕ್ಕಳ ವಯಸ್ಸಿನವರೂ ಹಾಗೆಯೇ ಕರೆಯುತ್ತಾರೆ. ಸವದತ್ತಿಯಿಂದ ಬೈಲಹೊಂಗಲಕ್ಕೆ ಹೋಗುವ ದಾರಿಯಿಂದ ಒಳಗೆ ನಮ್ಮೂರು. ಎರೆ ಭೂಮಿ. ಊರಿನ ಕೆಳಗೆ ಹಳ್ಳ, ಹಳ್ಳದ ದಂಡೆಗೆ ನಮ್ಮ ಕೇರಿ.

ಗುರ್ಜಿ ಹೊರುವುದು ನಮ್ಮ ಮನೆತನದ ಕೆಲಸ. ಸಗಣಿಯಿಂದ ಮೂರ್ತಿ ಮಾಡಿ, ಅದಕ್ಕೆ ಗರಿಕೆ ಸಿಗಿಸಿ, ರೊಟ್ಟಿ ಸುಡುವ ಹಂಚಿನ ಮೇಲೆ ಕೂಡಿಸಿ ತಲೆಯ ಮೇಲೆ ಇಟ್ಟುಕೊಳ್ಳಬೇಕು. ಮೈಮೇಲೆ ಲಂಗೋಟಿ, ಸೊಂಟಕ್ಕೆ ಬೇವಿನ ತಪ್ಪಲು. ಆ ದಿನ ಉಪವಾಸ. ಮನೆ ಮನೆಯ ಮುಂದೆ ನಿಲ್ಲಬೇಕು. ಮನೆಯವರು ಹೊಸ್ತಿಲ ಮೇಲೆ ನಿಂತು ತಂಬಿಗೆಯಿಂದ ನೀರು ಸುರಿಯುತ್ತಾರೆ. ಹೊತ್ತವನು ಗರಗರ ತಿರುಗಬೇಕು. ಊರೆಲ್ಲ ಮುಗಿದ ಮೇಲೆ ಹೊತ್ತವನೇ ತನ್ನ ಕೈಯಾರೆ ಗುರ್ಜಿಯನ್ನು ನೀರಿಗೆ ಬಿಡಬೇಕು. ಅಲ್ಲಿಗೆ ದೇವರಿಗೆ ಬೇಡಿಕೊಂಡದ್ದು ಮುಟ್ಟುತ್ತದೆ. ಅಪ್ಪ ಹೊತ್ತ. ಅಪ್ಪನ ಮಂಡಿ ಹೋದ ಮೇಲೆ ನಾನು ಹೊತ್ತೆ. ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದ ಅದೇ ಹೊಸ್ತಿಲಲ್ಲಿ ಕುಡಿಯಲು ಒಂದು ಬೊಗಸೆ ನೀರು ಕೇಳಿದರೆ ತಂಬಿಗೆ ಒಳಗೆ ಹೋಗುತ್ತಿತ್ತು.

ಹೊಂಡದ ಮಾತು ತಂದವರು ಧಾರವಾಡದ ಉಮಾಶ್ರೀ ಮೇಡಂ. ಒಂದು ಸಂಸ್ಥೆಯವರು. ಒಳ್ಳೆಯ ಹೆಣ್ಣುಮಗಳು. ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿಸಿ ಅವರು ಹೇಳಿದರು: ಹೊಲಗಳಿಗೆ ಔಷಧ ಹೊಡೆದು, ಹಳ್ಳದ ತಗ್ಗುಗಳನ್ನೆಲ್ಲ ಒತ್ತಿ ಹೊಲ ಮಾಡಿ, ಈ ಭಾಗದಲ್ಲಿ ಕಪ್ಪೆಗಳು ಇಲ್ಲವಾಗಿವೆ; ಕಪ್ಪೆ ಹೋದರೆ ಹುಳು ಹೆಚ್ಚುತ್ತದೆ, ಹಾವು ಹೋಗುತ್ತದೆ, ಹಕ್ಕಿ ಹೋಗುತ್ತದೆ; ಊರಿಗೊಂದು ಹೊಂಡ ಮಾಡೋಣ, ಪ್ಲಾಸ್ಟಿಕ್ ಹಾಸದೆ ಮಣ್ಣಿನ ತಳದ್ದು, ಮೀನು ಬಿಡದ್ದು, ದಂಡೆಗೆ ಹುಲ್ಲು ಇರುವಂಥದ್ದು. ನಾವು ಕಟ್ಟೆಯ ಕೆಳಗೆ ನಿಂತು ಕೇಳಿದೆವು. ಜಾಗ ನಮ್ಮ ಕೇರಿಯ ಪಕ್ಕದ ಸರ್ಕಾರಿ ಗಾಯರಾಣ, ದನ ಮೇಯುವ ಬಯಲು. ಕಮಿಟಿಗೆ ಅಧ್ಯಕ್ಷರು ಮಹಾಂತಪ್ಪ ಗೌಡರು. ತೋಡುವವರು ನಾವು.

ನನ್ನ ಹೆಂಡತಿ ಸಾವಂತ್ರೆವ್ವ ಸುಮ್ಮನೆ ಇರುವವಳಲ್ಲ. ಕೆಳಗಿನಿಂದಲೇ ಕೇಳಿದಳು.

"ಅಕ್ಕಾರ, ಹೊಂಡ ಕಪ್ಪಿಗಷ್ಟನೋ, ಮನಶ್ಯಾರಿಗೂ ಐತೋ?"

ಕಟ್ಟೆಯ ಮೇಲಿನವರು ನಕ್ಕರು. ಗೌಡರೂ ನಕ್ಕು ಹೇಳಿದರು.

"ನೀವ ತೋಡ್ರಿ, ನೀವ ತುಂಬ್ಕೊಳ್ರಿ. ಯಾರ ಬ್ಯಾಡಂತಾರ?"

ಆ ಮಾತಿಗಾಗಿ ನಾವು ತೋಡಿದೆವು. ಕೂಲಿಗಾಗಿ ಅಷ್ಟೇ ಅಲ್ಲ. ನಮ್ಮ ಕೇರಿಯ ನಳಕ್ಕೆ ಬರುವುದು ಸವುಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಬಟ್ಟೆಯ ಕೊಳೆ ಬಿಡುವುದಿಲ್ಲ. ಸಿಹಿ ನೀರು ಬೇಕಾದರೆ ಮೇಲಿನ ಓಣಿಗೆ ಹೋಗಿ, ಎಲ್ಲರೂ ತುಂಬಿಕೊಂಡು ಹೋಗುವ ತನಕ ದೂರ ನಿಂತು, ಯಾರಾದರೂ ಕರುಣೆಯಿಂದ ಪೈಪು ಹಿಡಿದರೆ ತುಂಬಿಕೊಂಡು ಬರಬೇಕು. ಹೆಂಗಸರ ಅರ್ಧ ಆಯುಷ್ಯ ಆ ನಿಲ್ಲುವುದರಲ್ಲಿಯೇ ಹೋಗಿದೆ.

ಮೇಲಿನ ಮಣ್ಣನ್ನು ಯಂತ್ರ ತೆಗೆಯಿತು. ದಂಡೆ, ತಳ ನಮ್ಮ ಪಾಲಿಗೆ ಬಂದವು. ನೀರು ಇಂಗದಂತೆ ತಳಕ್ಕೆ ಎರೆಮಣ್ಣು ಹಾಕಿ, ನೀರು ಹೊಡೆದು, ಅಂಟುಕೆಸರಿನ ಅರಲು ತುಳಿಯಬೇಕು. ಹೆಂಗಸರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಸಾಲಾಗಿ ತುಳಿದರು. ಮೊಣಕಾಲ ತನಕ ಹೂಳುತ್ತಿತ್ತು. ಒಂದು ಕಾಲು ಕಿತ್ತರೆ ಇನ್ನೊಂದು ಸಿಕ್ಕಿಕೊಳ್ಳುತ್ತಿತ್ತು. ಅರಲಿನಲ್ಲಿ ಅಡಗಿದ ಹರಳು ಹಿಮ್ಮಡಿ ಸೀಳಿ ರಕ್ತ ಬಂದರೂ ಕಾಣುತ್ತಿರಲಿಲ್ಲ. ಎಲ್ಲವೂ ಕಪ್ಪು. ಸಂಜೆ ಕಾಲು ತೊಳೆದಾಗ ಕಾಣುತ್ತಿತ್ತು.

ಯುಗಾದಿಯ ಮುಂಚೆ, ಸುಡುವ ಬಿಸಿಲಲ್ಲಿ ಮಣ್ಣಿನ ಬುಟ್ಟಿ ಹೊತ್ತು ದಂಡೆ ಏರುವಾಗ ಸಾವಂತ್ರೆವ್ವ ಕುಸಿದಳು. ನಾನು ಓಡಿದೆ. ನೀರು ಅಂದಳು. ನೀರಿನ ಕೊಡ ಗೌಡರ ಆಳಿನ ವಶದಲ್ಲಿತ್ತು. ಅವನೇ ತಂದ. ತಂದವನು ಬಾಗಲಿಲ್ಲ. ನಿಂತಲ್ಲಿಂದಲೇ, ಎತ್ತರದಿಂದಲೇ ಸುರಿದ. ಮಲಗಿದವಳ ಮುಖದ ಮೇಲೆ ನೀರು ಬಿತ್ತು. ಮೂಗಿಗೆ ಹೋಯಿತು, ಕಣ್ಣಿಗೆ ಹೋಯಿತು. ಬಾಯಿಗೆ ಎಷ್ಟು ಹೋಯಿತೋ ಗೊತ್ತಿಲ್ಲ. ಬೈಲಹೊಂಗಲದ ದವಾಖಾನೆ ಮುಟ್ಟುವುದರೊಳಗೆ ಅವಳು ಹೋಗಿದ್ದಳು. ಬಿಸಿಲು ಬಡಿದದ್ದು ಎಂದರು. ಇರಬಹುದು.

ಮಿರಗದ ಮಳೆಗೆ ಹೊಂಡ ತುಂಬಿತು. ಎಲ್ಲಿದ್ದವೋ, ಕಪ್ಪೆಗಳು ಬಂದವು. ನೆಲ ಬಿರಿದ ಕಡೆಯಿಂದ ಎದ್ದು ಬಂದವು. ಕೇರಿಗೆ ಕೇಳುವ ಹಾಗೆ ಕೂಗಿದವು. ಕೆಲವು ಅರಿಷಿಣ ಬಳಿದುಕೊಂಡಂತೆ ಹಳದಿ. ನನ್ನ ಮಗಳು ಬೀರವ್ವ ಹೊರಗೆ ಬಂದು ನಿಂತು ಕೇಳಿದಳು. ಒಳಗೆ ಹೋಗಿ ಅತ್ತಳು. ನಾನು ಶಿವನ ನಾಮ ಹೇಳಿದೆ. ಆ ಜೀವಗಳಿಗೆ ನಮ್ಮ ಕೈಯಿಂದ ಒಂದು ಮನೆ ಆಯಿತಲ್ಲ ಎಂದು ನಿಜವಾಗಿಯೂ ಸಂತೋಷಪಟ್ಟೆ.

ಆ ವಾರವೇ ಹೊಂಡದ ಸುತ್ತ ಮುಳ್ಳುತಂತಿ ಬಂತು. ಕಬ್ಬಿಣದ ಗೇಟು ಬಂತು, ಬೀಗ ಬಂತು. 'ಜೀವವೈವಿಧ್ಯ ಹೊಂಡ, ಒಳಗೆ ಪ್ರವೇಶವಿಲ್ಲ' ಎಂಬ ಫಲಕ ಬಂತು. ಕಂಬ ನಿಲ್ಲಿಸಲು ಗುಂಡಿ ತೆಗೆದವರೂ ನಾವೇ. ಬೀರವ್ವ ಕೊಡ ಹಿಡಿದು ಹೋದಳು. ಗೌಡರು ಅಲ್ಲಿಯೇ ನಿಂತಿದ್ದರು.

"ಸಬಕಾರದ ನೊರಿ ನೀರಾಗ ಬಿದ್ರ ಕಪ್ಪಿ ಸಾಯ್ತಾವ ತಂಗೀ. ಮೇಡಂ ಹೇಳ್ಯಾರ."

"ಸಬಕಾರ ಯಾಕ ತರೂಣ್ರಿ? ಬ್ಯಾಳಿ ಬೇಯ್ಸಾಕ ಒಂದ ಕೊಡ ನೀರ್ರಿ."

"ಇವತ್ತ ಕೊಡ ಅಂತೀರಿ, ನಾಳೆ ಅರಿವಿ ಒಗೀತೇವಿ ಅಂತೀರಿ. ನಿಮ್ಮ ಮಂದೀನ ನಾ ಕಂಡಿಲ್ಲೇನು? ನಡಿ."

ಅವಳು ಖಾಲಿ ಕೊಡ ತಂದಳು. ಅಂದು ಮಧ್ಯಾಹ್ನ ಗೌಡರ ಎಮ್ಮೆಗಳು ಅದೇ ಗೇಟಿನಿಂದ ಒಳಗೆ ಹೋಗಿ ಮೈ ನೆನೆಸಿಕೊಂಡು ಬಂದವು. ಎಮ್ಮೆಯಿಂದ ಕಪ್ಪೆಗೆ ತೊಂದರೆ ಇಲ್ಲವಂತೆ.

ಆರಿದ್ರಾ ಮಳೆಯ ಹೊತ್ತಿಗೆ ಗೌಡರು ನನ್ನನ್ನು ಕರೆಸಿದರು. ಹೊಂಡಕ್ಕೆ ಹಣ ಕೊಟ್ಟವರು ನೋಡಲು ಬರುತ್ತಾರೆ; ಊರ ಮುತ್ತೈದೆಯರು ಬಾಗಿನ ಬಿಡುತ್ತಾರೆ; ಜೊತೆಗೆ ಗುರ್ಜಿ ಇರಲಿ ಎಂದು ಉಮಾಶ್ರೀ ಮೇಡಂ ಕೇಳಿದ್ದಾರೆ.

"ಗೌಡ್ರ, ಮಳಿ ಬಂದೈತ್ರಿ. ಬಂದ ಮ್ಯಾಲ ಗುರ್ಜಿ ಹೊತ್ರ ದೇವ್ರಿಗೆ ಅಣಕ ಮಾಡಿದಂಗ್ರಿ. ನಿಮಗ ತಿಳೀದ ಮಾತೇನು?"

"ತಿಳೀತೈತಿ ತಗೋ. ಅವರಿಗೆ ತಿಳೀಬೇಕಲ್ಲ! ದೇವ್ರಿಗೆ ನಾ ಹೇಳ್ತೇನಿ, ನೀ ತಿರುಗು." ಗೌಡರು ಎಲೆ ಅಡಿಕೆ ಉಗಿದು ಬಂದು ದನಿ ಇಳಿಸಿದರು. "ಇದೊಂದ ಮಾಡು ಸಿದ್ದ್ಯಾ. ಮುಂಜಾನಿ ಒಂದ ತಾಸು ನಿಮ್ಮ ಕೇರಿಗೆ ಗೇಟ ತಗಿಸ್ತೇನಿ. ಮಾತ ಕೊಟ್ಟೆ."

ನಾನು ಒಪ್ಪಿದೆ. ಮನೆಗೆ ಬಂದು ಹೇಳಿದಾಗ ಬೀರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಯಪ್ಪಾ, ಸುಳ್ಳ ಗುರ್ಜಿ ಹೊರತಿಯೇನು?"

"ಗೇಟ ತಗೀತಾರಂತವಾ."

"ಅವ್ವಗೂ ಹಿಂಗ ಅಂದಿದ್ರು."

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ನಾನು ಕೇಳಿದಾಗ ಹಂಚನ್ನು ಮಾತ್ರ ಕೊಡಲಿಲ್ಲ. ಪಕ್ಕದ ಮನೆಯಿಂದ ತಂದೆ.

ಆ ದಿನ ಗೇಟಿನ ಮುಂದೆ ಶಾಮಿಯಾನ ಹಾಕಿದ್ದರು. ರೇಷ್ಮೆ ಸೀರೆಯ ಹೆಣ್ಣುಮಕ್ಕಳು ಮೊರದ ಬಾಗಿನ ಹಿಡಿದು ತಂತಿಯ ಒಳಗೆ. ಕೇರಿಯವರು ತಂತಿಯ ಹೊರಗೆ. ನಾನು ಗೇಟಿನ ಹೊಸ್ತಿಲಲ್ಲಿ. ಎಪ್ಪತ್ತು ವರ್ಷದ ಮೈ. ಎದೆಯ ತೊಗಲು ಜೋತು ಬಿದ್ದಿದೆ, ಪಕ್ಕೆಲುಬು ಎಣಿಸಬಹುದು. ಮಳೆ ಬೇಡುವ ದಿನ ಆ ಮೈ ಬತ್ತಲೆ ಎಂದು ನನಗೆ ಅನಿಸುತ್ತಿರಲಿಲ್ಲ. ಅಂದು ಅನಿಸಿತು. ಗೌಡರ ಹೆಂಡತಿ ಗುರುಬಸವ್ವನವರು ಹೊಂಡದ ನೀರನ್ನು ಬಿಂದಿಗೆಯಲ್ಲಿ ತಂದು ನನ್ನ ತಲೆಯ ಮೇಲೆ ಸುರಿದರು. ನಾನು ತಿರುಗಿದೆ. ಸಗಣಿಯ ನೀರು ಕಣ್ಣಿಗೆ, ಬಾಯಿಗೆ ಇಳಿಯಿತು.

"ಅಜ್ಜಾರ, ಇನ್ನೊಮ್ಮೆ ತಿರುಗ್ತೀರೇನು? ವಿಡಿಯೋ ಸರಿ ಬರಲಿಲ್ಲ," ಎಂದರು ಉಮಾಶ್ರೀ ಮೇಡಂ.

ತಿರುಗಿದೆ. ಬಂದ ಅತಿಥಿಯೊಬ್ಬರು ತಾವೂ ಸುರಿಯಬೇಕೆಂದರು. ಮತ್ತೆ ತಿರುಗಿದೆ. ಬೇವಿನ ತಪ್ಪಲು ಬಿಚ್ಚಿ ಕಾಲಿಗೆ ಸುತ್ತಿಕೊಂಡಿತು. ಎರಡೂ ಕೈ ಹಂಚು ಹಿಡಿದಿದ್ದವು. ಸೊಂಟಕ್ಕೆ ಕೈ ಹಾಕುವ ಹಾಗಿರಲಿಲ್ಲ.

"ಕಪ್ಪಿ ಕುಣದಂಗ ಕುಣೀತಾನಲೇ ಮುದುಕ!" ಯಾರೋ ಅಂದರು. ಶಾಮಿಯಾನ ನಕ್ಕಿತು. ತಂತಿಯ ಆಚೆ ಬೀರವ್ವ ಮುಖ ಆ ಕಡೆ ತಿರುಗಿಸಿದಳು. ಮಗಳು ಅಪ್ಪನ ಮೈ ನೋಡಬಾರದೆಂದು ತಿರುಗಿಸಿದಳು.

ಮುಗಿಯಿತು. ನಾನು ಗೌಡರ ಹತ್ತಿರ, ಎಷ್ಟು ದೂರ ನಿಲ್ಲಬೇಕೋ ಅಷ್ಟು ದೂರ ನಿಂತು ಕೇಳಿದೆ.

"ಗೇಟಿನ ಮಾತು ನಾಕ ಮಂದಿ ಮುಂದ ಇವತ್ತ ಹೇಳಿಬಿಡ್ರಿ ಗೌಡ್ರ."

"ಈಗೇನ ಅವಸರ? ಕಮಿಟಿಯಾಗ ಇಟ್ಟ ನೋಡೂಣು. ಗುರ್ಜಿ ಅಲ್ಲೇ ಇಟ್ಟು ಊಟಾ ಮಾಡಿ ಹೋಗು. ಆಳು ಹಳ್ಳಕ್ಕ ಒಗದ ಬರ್ತಾನ."

"ಹೊತ್ತವನ ಬಿಡಬೇಕ್ರಿ."

"ಏ, ಒಗದರ ಸಾಕೋ. ಅದೇನ ಖರೆ ಗುರ್ಜಿಯೇನು?"

ಸುಳ್ಳು ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ನನ್ನ ಅಪ್ಪ ಉಪವಾಸ ಹೊತ್ತದ್ದನ್ನು ನಾನು ಊಟಕ್ಕೆ ಮುಂಚಿನ ಆಟ ಮಾಡಿದ್ದೆ. ಇದನ್ನು ಖರೆ ಮಾಡಲು ಒಂದೇ ದಾರಿ ಉಳಿದಿತ್ತು. ಗೇಟು ತೆರೆದಿತ್ತು. ನಾನು ಒಳಗೆ ನಡೆದೆ.

"ಏ ಸಿದ್ದ್ಯಾ! ಏ!"

ನಿಲ್ಲಲಿಲ್ಲ. ರೇಷ್ಮೆ ಸೀರೆಗಳು ಸರಿದು ದಾರಿ ಕೊಟ್ಟವು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ತಣ್ಣಗಿತ್ತು. ಕಾಲ ಕೆಳಗೆ ಅರಲು ಗಟ್ಟಿಯಾಗಿತ್ತು. ಬಾಲದ ಕಪ್ಪೆಮರಿಗಳು ಕಾಲಿಗೆ ತಾಗಿ ಸರಿದವು. ಶಿವನ ನಾಮ ಹೇಳಿ ಗುರ್ಜಿಯನ್ನು ನೀರಿಗೆ ಬಿಟ್ಟೆ. ಆಮೇಲೆ ಬೊಗಸೆ ತುಂಬಿ ಕುಡಿದೆ. ಇನ್ನೊಂದು ಬೊಗಸೆ ಕುಡಿದೆ. ಸಾವಂತ್ರೆವ್ವನ ಹೆಸರು ಹೇಳಿ ಕುಡಿದೆ.

ಯಾರೂ ನನ್ನನ್ನು ಹೊಡೆಯಲಿಲ್ಲ. ಹೊಡೆಯಬೇಕಾದರೆ ಮುಟ್ಟಬೇಕು. ಅತಿಥಿಗಳು ಇದೂ ಪದ್ಧತಿಯೇ ಎಂದುಕೊಂಡು ಚಪ್ಪಾಳೆ ತಟ್ಟಿದರು. ಬಾಗಿನ ಹಿಡಿದವರು ಮಾತ್ರ ನೀರಿಗೆ ಬಿಡದೆ ಮೊರಗಳನ್ನು ಎತ್ತಿಕೊಂಡು ಮನೆಗೆ ಹೋದರು.

ಮರುದಿನ ಮುಂಜಾನೆ ರಹಿಮಾನಸಾಬ ನಮ್ಮ ಮನೆಗೆ ಬಂದ. ಬಾಡಿಗೆಗೆ ನೀರೆತ್ತುವ ಇಂಜಿನ್ ಕೊಡುವವನು. ಟ್ರ್ಯಾಕ್ಟರನ್ನು ಓಣಿಯ ಬಾಯಲ್ಲಿ ನಿಲ್ಲಿಸಿ ಬಂದು ಕಟ್ಟೆಯ ಮೇಲೆ ಕುಳಿತ. ಬೀರವ್ವ ಕೊಟ್ಟ ಚಹಾ ಕುಡಿದ. ಅವನು ಮೊದಲಿನಿಂದಲೂ ನಮ್ಮಲ್ಲಿ ಚಹಾ ಕುಡಿಯುವವನು.

"ಸಿದ್ಧಾರೂಢಣ್ಣಾ, ಹೊಂಡ ಖಾಲಿ ಮಾಡಂತಾರ. ನೀ ಇಳದಿ ಅಂತ. ಒಲ್ಲೆ ಅಂದ್ರ ಇನ್ನ ಊರಾಗ ನನ್ನ ಇಂಜಿನ್ ಯಾರೂ ಕರಿಯೂದಿಲ್ಲ. ಏನ ಮಾಡ್ಲಿ ಹೇಳು."

"ನಿನ್ನ ಕೆಲಸ ನೀ ಮಾಡಪಾ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ."

"ಸಿಟ್ಟ ಮಾಡ್ಕೊಂಡಿದ್ರ ಚಲೋ ಇತ್ತು," ಎಂದು ಅವನು ಎದ್ದ.

ಇಂಜಿನ್ ಮಧ್ಯಾಹ್ನದ ತನಕ ಓಡಿತು. ಪೈಪನ್ನು ನಮ್ಮ ಓಣಿಯ ಗಟಾರಕ್ಕೆ ಬಿಟ್ಟಿದ್ದರು. ಕೊಡ ಹಿಡಿದು ಕೇಳಿದ ನೀರು ನಮ್ಮ ಬಾಗಿಲ ಮುಂದೆ ಹರಿದು ಹಳ್ಳಕ್ಕೆ ಹೋಯಿತು. ಅದರಲ್ಲಿ ಕಪ್ಪೆಮರಿಗಳು ತುಂಡಾಗಿ ಬರುತ್ತಿದ್ದವು. ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಒಬ್ಬರೂ ಕೊಡ ಒಡ್ಡಲಿಲ್ಲ.

ಇಂಜಿನ್ ನಿಂತಿತು. ಗೌಡರ ಆಳು ಬಂದು ಕೇರಿಯವರನ್ನೆಲ್ಲ ಹೊಂಡಕ್ಕೆ ಕರೆದ. ಹೋದೆವು. ಗೇಟು ಪೂರ್ತಿ ತೆರೆದಿತ್ತು. ಅಂದು ಯಾರೂ ಹೊರಗೆ ನಿಲ್ಲಿ ಅನ್ನಲಿಲ್ಲ. ಗೌಡರು ದಂಡೆಯ ಮೇಲೆ ನಿಂತಿದ್ದರು. ಅವರ ಹಿಂದೆ ಬುಟ್ಟಿ, ಸಲಿಕೆ ಜೋಡಿಸಿ ಇಟ್ಟಿದ್ದರು.

"ತಳದ ಅರಲ ಎಲ್ಲಾ ಎತ್ತಿ ಹೊರಗ ಹಾಕ್ರಿ. ಮೈಲಿಗಿ ಆಗೇತಿ. ಹೊಸಾ ಮಣ್ಣ ಹಾಕಿ ಮತ್ತ ತುಳೀರಿ. ಕೂಲಿ ಕೊಡ್ತೇವಿ, ಪುಕ್ಕಟ ಅಲ್ಲ."

ಬೀರವ್ವ ಮುಂದೆ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು.

"ಗೌಡ್ರ, ಒಂದ ಕೇಳತೇನ್ರಿ. ನಮ್ಮಪ್ಪ ಮುಟ್ಟಿ ಮೈಲಿಗಿ ಆತು. ಈಗ ನಾವೆಲ್ಲಾರೂ ಮುಟ್ಟಿದ್ರ ಮಡಿ ಆಗೂದು ಹೆಂಗ್ರಿ?"

ಇಂಜಿನ್ನಿನ ಹತ್ತಿರ ರಹಿಮಾನಸಾಬ ನಕ್ಕುಬಿಟ್ಟ. ಕೂಡಲೇ ಬಾಯಿ ಮುಚ್ಚಿಕೊಂಡ.

"ಬಾಳ ಶಾಣ್ಯಾಕಿ ಆಗಬ್ಯಾಡ. ಬುಟ್ಟಿ ಹಿಡಿ."

"ಹಿಡಿಯೂದಿಲ್ರಿ. ಮಡಿ ಇರಾವ್ರ ಇಳೀರಿ. ನಾವು ದಂಡಿ ಮ್ಯಾಲ ನಿಂತು ಹೆಂಗ ತುಳೀಬೇಕಂತ ಹೇಳತೇವಿ."

ಆ ಹೊತ್ತಿಗೆ ಉಮಾಶ್ರೀ ಮೇಡಂ ಕಾರಿನಿಂದ ಇಳಿದು ಓಡುತ್ತ ಬಂದರು. ಯಾರೋ ಫೋನು ಮಾಡಿದ್ದರು. ಹೊಂಡದ ನಡುವೆ ಹಿಟ್ಟು ನಾದುವ ಒಂದು ಪರಾತದಷ್ಟು ನೀರು ಉಳಿದಿತ್ತು. ಉಳಿದ ಮರಿಗಳೆಲ್ಲ ಅದರಲ್ಲಿ ಸೇರಿ ಕುದಿಯುವ ಎಸರಿನಂತೆ ಮಿಸುಕುತ್ತಿದ್ದವು. ಅದರಾಚೆ ಅರಲಿನ ಮೇಲೆ ಬಿದ್ದ ಮರಿಗಳು ಬಾಲ ಬಡಿಯುತ್ತಿದ್ದವು. ಕೆಲವಕ್ಕೆ ಹಿಂಗಾಲು ಮೂಡಿದ್ದವು. ಬೆಳ್ಳಕ್ಕಿಗಳು ಇಳಿದಿದ್ದವು. ಮೇಡಂ ಬಾಯಿಗೆ ಕೈ ಹಿಡಿದು ಅತ್ತರು.

"ಗೌಡರ, ಹಿಂಗ ಮಾಡಬಾರದಿತ್ತು," ಎಂದರು. ಅಷ್ಟೇ ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಕೈ ಮುಗಿದರು.

"ಅಜ್ಜಾರ, ನೀವು ದೈವಭಕ್ತರು. ಇವರ ಜಗಳ ಬಿಡ್ರಿ. ಇವು ಏನ ತಪ್ಪ ಮಾಡ್ಯಾವ? ಇಳದು ಅಷ್ಟು ಮರಿಗಳನ್ನ ಬಕೀಟಿಗೆ ಹಾಕ್ರಿ. ನಿಮ್ಮ ಕೈಲೇ ಹುಟ್ಟ್ಯಾವ ಅವು."

ಹೆಂಡತಿ ಸತ್ತಾಗಲೂ ಯಾರೂ ನನಗೆ ಕೈ ಮುಗಿದಿರಲಿಲ್ಲ. ಎಲ್ಲ ಜೀವದಲ್ಲಿಯೂ ಶಿವನಿದ್ದಾನೆ ಎಂದು ನಾನು ದಿನವೂ ಹೇಳುತ್ತೇನೆ. ಕಣ್ಣ ಮುಂದೆ ಆ ಶಿವ ಬಿಸಿಲಿಗೆ ಬಾಯಿ ತೆರೆದು ಒದ್ದಾಡುತ್ತಿದ್ದ.

"ತಂಗೀ," ಎಂದೆ, "ಬಕೀಟು ನಿಮ್ಮ ಕಾಲ ಹತ್ರ ಐತಿ. ನಿಮಗೂ ಎರಡ ಕೈ ಅದಾವ. ನೀವು ಇಳೀರಿ. ನೀವು ಮುಂದ ಇಳದರ ನಾನು ಹಿಂದ ಬರತೇನಿ."

ಮೇಡಂ ಚಪ್ಪಲಿ ಬಿಟ್ಟರು. ದಂಡೆಯ ಅಂಚಿಗೆ ಬಂದರು. ಒಂದು ಕಾಲನ್ನು ಮುಂದೆ ಚಾಚಿದರು.

"ಮೇಡಂ, ಏನ ಮಾಡಾಕ ಹತ್ತೀರಿ? ಸೀರಿ ಹೊಲಸಾಕ್ಕೈತಿ, ಮ್ಯಾಲ ಬರ್ರಿ," ಎಂದು ಗೌಡರು ಹೇಳಿದರು. "ಅವ್ರ ಇಳೀತಾರ. ಎಲ್ಲಿ ಹೋಗ್ತಾರ? ಅವ್ರ ಬರ್ತಾರ."

ಮೇಡಂ ಕಾಲು ಹಿಂದಕ್ಕೆ ತೆಗೆದುಕೊಂಡರು. ಎಲ್ಲರೂ ನನ್ನನ್ನು ನೋಡುತ್ತಿದ್ದರು.

ನನ್ನ ಕಾಲು ಹೊರಟಿತ್ತು. ಸುಳ್ಳು ಹೇಳುವುದಿಲ್ಲ. ಆಗಲೇ ಒಂದು ಹೆಜ್ಜೆ ಇಳಿಜಾರಿಗೆ ಇಟ್ಟಿದ್ದೆ. ದಯೆಯಿಂದ ಹೊರಟಿತೋ, ರೂಢಿಯಿಂದ ಹೊರಟಿತೋ ನನಗೇ ತಿಳಿಯಲಿಲ್ಲ. ಕರೆದ ಕಡೆಗೆ ಎಪ್ಪತ್ತು ವರ್ಷ ಹೋದ ಕಾಲು ಅದು. ಅದನ್ನು ನಾನು ನಂಬಲಿಲ್ಲ. ಅದಕ್ಕೇ ಅಲ್ಲಿಯೇ, ದಂಡೆಯ ಮಣ್ಣಿನ ಮೇಲೆ, ಕುಳಿತುಬಿಟ್ಟೆ.

ಬೀರವ್ವ ನನ್ನ ಮಗ್ಗುಲಿಗೆ ಕುಳಿತಳು. ಹಿಂದೆ ಕೇರಿಯ ಹೆಂಗಸರು ಕುಳಿತರು, ಗಂಡಸರು ಕುಳಿತರು. ಬೆಳ್ಳಕ್ಕಿಗಳು ಅವಸರವಿಲ್ಲದೆ ಆರಿಸಿ ತಿನ್ನುತ್ತಿದ್ದವು. ನಡುವಿನ ನೀರು ಕಣ್ಣೆದುರೇ ಕುಗ್ಗುತ್ತಿತ್ತು. ನನಗೆ ನಾಚಿಕೆಯಾಯಿತು. ಆ ಮರಿಗಳ ಮುಂದೆ ಆದಷ್ಟು ನಾಚಿಕೆ ಶಾಮಿಯಾನದ ಮುಂದೆಯೂ ಆಗಿರಲಿಲ್ಲ. ತಪ್ಪಾಯಿತು ತಂದೆ, ತಪ್ಪಾಯಿತು ಎಂದು ಒಳಗೊಳಗೇ ಅಂದೆ. ಅನ್ನುತ್ತ ಎರಡೂ ಕೈಯಿಂದ ನನ್ನ ಮಂಡಿಗಳನ್ನು ಬಿಗಿಯಾಗಿ ಹಿಡಿದುಕೊಂಡೆ.

"ಅವ್ರ ಬರ್ತಾರ," ಎಂದು ಗೌಡರು ಮತ್ತೊಮ್ಮೆ ಹೇಳಿದರು.

ಯಾರೂ ಏಳಲಿಲ್ಲ.